.45 ಗುಂಡು ಬಿದ್ದರೆ ಮನುಷ್ಯ ಹಿಂದಕ್ಕೆ ಹಾರುತ್ತಾನಾ? ಪಿಸ್ತೂಲಿನ ಕ್ಯಾಲಿಬರ್ ಬಗ್ಗೆ ಬಂದ ಒಂದು ಫಾರ್ವರ್ಡ್

ಹೋದ ತಿಂಗಳು ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ದೊಡ್ಡಮ್ಮನ ಮಗ ಒಂದು ಫಾರ್ವರ್ಡ್ ಹಾಕಿದ. ಅಣ್ಣ ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಫಾರ್ವರ್ಡ್ ಹೀಗಿತ್ತು:

"ಅಮೆರಿಕದಲ್ಲಿರುವ ಎಲ್ಲ ಕನ್ನಡಿಗರ ಗಮನಕ್ಕೆ. ಆತ್ಮರಕ್ಷಣೆಗೆ 9 ಎಂ.ಎಂ. ಪಿಸ್ತೂಲು ಕೊಳ್ಳಬೇಡಿ, ಅದು ಬರೀ ತೂತು ಮಾಡುತ್ತದೆ. .45 ಕೊಳ್ಳಿ, ಒಂದೇ ಗುಂಡಿಗೆ ಎದುರಿನವನು ಐದಡಿ ಹಿಂದಕ್ಕೆ ಹಾರಿ ಬೀಳುತ್ತಾನೆ. .22 ಮಕ್ಕಳ ಆಟಿಕೆ. ಹಾಲೋ ಪಾಯಿಂಟ್ ಗುಂಡು ಹಾಕಿದರೆ ದೇಹದೊಳಗೆ ಬಾಂಬಿನಂತೆ ಸಿಡಿಯುತ್ತದೆ. ತಪ್ಪದೆ ಎಲ್ಲರಿಗೂ ಶೇರ್ ಮಾಡಿ."

ಅದಾಗಿ ಐದು ನಿಮಿಷಕ್ಕೆ ನನಗೊಬ್ಬಳಿಗೇ ಬೇರೆ ಮೆಸೇಜ್ ಬಂತು. "ಪುಟ್ಟಿ, ನೀನು ಇಂಥದ್ದನ್ನೆಲ್ಲ ಚೆಕ್ ಮಾಡ್ತೀಯಲ್ಲ, ಇದು ನಿಜಾನಾ ನೋಡಿ ಹೇಳು. ನಿಮ್ಮತ್ತಿಗೆ ರಾತ್ರಿ ಡ್ಯೂಟಿ ಮುಗಿಸಿ ಒಬ್ಬಳೇ ಬರ್ತಾಳೆ." ಅತ್ತಿಗೆ ಅಲ್ಲೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾರೆ.

ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ಲಿನಿಂದ ಐದು ಗುಂಡು ಹಾರಿಸಿದ್ದು ಬಿಟ್ಟರೆ ನನಗೆ ಬಂದೂಕಿನ ಅನುಭವ ಇಲ್ಲ. ಆ ಐದರಲ್ಲಿ ಮೂರು ಬೋರ್ಡಿಗೇ ಬೀಳಲಿಲ್ಲ. ಆದರೆ ಫಾರ್ವರ್ಡಿನಲ್ಲಿರುವ ಒಂದೊಂದು ಮಾತಿಗೂ ನೂರಿಪ್ಪತ್ತು ವರ್ಷಗಳ ಇತಿಹಾಸವಿದೆ, ಪ್ರಯೋಗಗಳಿವೆ, ಅಂಕಿಅಂಶಗಳಿವೆ. ಅವನ್ನು ಓದಲು ಬಂದೂಕು ಹಿಡಿದಿರಬೇಕಿಲ್ಲ.

ನಮ್ಮಲ್ಲಿ ಪಿಸ್ತೂಲಿಗೆ ಲೈಸೆನ್ಸ್ ಪಡೆಯುವುದೇ ದೊಡ್ಡ ಕಥೆ. ಅದು ಸಿಕ್ಕರೂ 9 ಎಂ.ಎಂ. ಭಾರತದಲ್ಲಿ 'ನಿಷೇಧಿತ ಬೋರ್', ಸಾಮಾನ್ಯರಿಗೆ ಸಿಗುವುದು ಹೆಚ್ಚಾಗಿ .32. ಅಮೆರಿಕದ ಲೆಕ್ಕವೇ ಬೇರೆ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ, ಕಾನೂನಿನ ಅಡ್ಡಿ ಇಲ್ಲದ 21 ವರ್ಷ ದಾಟಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಬಹುದು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನಿದೆ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮನೆಯ ಹೊರಗೆ ಪಿಸ್ತೂಲು ಒಯ್ಯುವುದೂ ಸಂವಿಧಾನ ಕೊಟ್ಟ ಹಕ್ಕು ಎಂದಿತು. ಹಾಗಾಗಿ 'ಯಾವ ಕ್ಯಾಲಿಬರ್ ಒಳ್ಳೆಯದು' ಅನ್ನುವುದು ಅಲ್ಲಿ, ನಮ್ಮಲ್ಲಿ 'ಯಾವ ಸ್ಕೂಟರ್ ಒಳ್ಳೆಯದು' ಅನ್ನುವಷ್ಟೇ ಸಲೀಸಾಗಿ ಕೇಳುವ ಪ್ರಶ್ನೆ.

ಈ ಸಂಖ್ಯೆಗಳ ಅರ್ಥ ಏನು?

ಕ್ಯಾಲಿಬರ್ ಅಂದರೆ ಗುಂಡಿನ, ಅಥವಾ ಅದು ಹೊರಡುವ ನಳಿಕೆಯ, ಅಗಲ. ಅಮೆರಿಕದವರು ಇಂಚಿನಲ್ಲಿ ಹೇಳುತ್ತಾರೆ, ಯುರೋಪಿನವರು ಮಿಲಿಮೀಟರಿನಲ್ಲಿ. .45 ಅಂದರೆ ಇಂಚಿನ ನೂರರಲ್ಲಿ 45 ಭಾಗ, ಸುಮಾರು 11.4 ಎಂ.ಎಂ. .22 ಅಂದರೆ ಸುಮಾರು 5.6 ಎಂ.ಎಂ. ಎಂ.ಎಂ. ಕಲಬುರ್ಗಿ ಮತ್ತು ಗೌರಿ ಲಂಕೇಶ್ ಹತ್ಯೆಯ ವರದಿಗಳಲ್ಲಿ ನಾವು ಮತ್ತೆ ಮತ್ತೆ ಓದಿದ '7.65 ಎಂ.ಎಂ.' ಕೂಡ ಇಂಥದ್ದೇ ಒಂದು ಅಳತೆ. ಅದನ್ನೇ ಅಮೆರಿಕದವರು .32 ಅನ್ನುತ್ತಾರೆ.

ಈ ಹೆಸರುಗಳನ್ನು ಸ್ಕೇಲು ಹಿಡಿದು ನಂಬುವಂತಿಲ್ಲ. .38 ಸ್ಪೆಷಲ್ ಅನ್ನುವ ರಿವಾಲ್ವರ್ ಗುಂಡಿನ ನಿಜವಾದ ಅಗಲ .357 ಇಂಚು. .380 ಎಂಬ ಪುಟ್ಟ ಪಿಸ್ತೂಲಿನ ಗುಂಡು ಮತ್ತು ಸಾಮಾನ್ಯ 9 ಎಂ.ಎಂ. ಗುಂಡು ಎರಡರ ಅಗಲವೂ ಒಂದೇ. ಬೇರೆಯಾಗುವುದು ಹಿಂದಿರುವ ಹಿತ್ತಾಳೆ ಡಬ್ಬಿಯ ಉದ್ದ, ಅದರೊಳಗಿನ ಮದ್ದಿನ ಪ್ರಮಾಣ, ಗುಂಡಿನ ತೂಕ. ತೂಕವನ್ನು ಅವರು 'ಗ್ರೇನ್' ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗಿದ ಹಾಗೆ ಅವರದು ಕಾಳಿನ ಲೆಕ್ಕ. ಒಂದು ಗ್ರಾಂಗೆ ಹದಿನೈದೂವರೆ ಗ್ರೇನ್ ಹತ್ತಿರ ಬರುತ್ತದೆ.

ಇನ್ನೊಂದು ವಿಷಯ. ಮಲೆನಾಡು, ಕೊಡಗಿನವರಿಗೆ ಬಂದೂಕು ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಉದ್ದದ ಕೋವಿ. ಪಿಸ್ತೂಲು ಅದರ ಪಕ್ಕದಲ್ಲಿ ತುಂಬಾ ದುರ್ಬಲ ಆಯುಧ. ಜನ ಅದನ್ನು ಆರಿಸಿಕೊಳ್ಳುವುದು ಅದು ಜೋರಾಗಿದೆ ಅಂತಲ್ಲ, ಜೇಬಿನಲ್ಲಿ ಅಡಗುತ್ತದೆ ಅಂತ.

ಕ್ರಿಕೆಟ್ ಚೆಂಡಿನ ಲೆಕ್ಕ

ಈಗ ಫಾರ್ವರ್ಡಿನ ಮುಖ್ಯ ಮಾತಿಗೆ ಬರೋಣ: ಐದಡಿ ಹಿಂದಕ್ಕೆ ಹಾರುವುದು. ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿಗೆ ಸಾಕು. ಒಂದು ವಸ್ತು ಇನ್ನೊಂದನ್ನು ಎಷ್ಟು ತಳ್ಳುತ್ತದೆ ಅನ್ನುವುದನ್ನು ಹೇಳುವುದು ಸಂವೇಗ, ಅಂದರೆ ತೂಕ ಗುಣಿಸು ವೇಗ.

ಸಾಮಾನ್ಯ .45 ಗುಂಡು 230 ಗ್ರೇನ್, ಸುಮಾರು 15 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 260 ಮೀಟರ್. ಗುಣಿಸಿದರೆ 3.9 ಬರುತ್ತದೆ. ಏಳೂವರೆ ಗ್ರಾಂನ 9 ಎಂ.ಎಂ. ಗುಂಡು ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ಹೋದರೆ 2.6. ಈಗ 160 ಗ್ರಾಂನ ಕ್ರಿಕೆಟ್ ಚೆಂಡು ತೆಗೆದುಕೊಳ್ಳಿ. ವೇಗದ ಬೌಲರ್ ಅದನ್ನು ಗಂಟೆಗೆ 140 ಕಿ.ಮೀ. ವೇಗದಲ್ಲಿ ಎಸೆದರೆ 6.2.

ಅಂದರೆ ತಳ್ಳುವ ವಿಷಯದಲ್ಲಿ ಬೌನ್ಸರ್ .45 ಗುಂಡಿಗಿಂತ ಜೋರು. ಎದೆಗೆ ಬೌನ್ಸರ್ ಬಿದ್ದ ಬ್ಯಾಟ್ಸ್‌ಮನ್ ಐದಡಿ ಹಾರಿದ್ದನ್ನು ನೀವು ನೋಡಿದ್ದೀರಾ? 70 ಕೆ.ಜಿ. ಮನುಷ್ಯನೊಳಗೆ .45 ಗುಂಡು ಪೂರ್ತಿ ನಿಂತುಬಿಟ್ಟರೂ ಆ ದೇಹಕ್ಕೆ ಸಿಗುವ ವೇಗ ಸೆಕೆಂಡಿಗೆ ಐದೂವರೆ ಸೆಂಟಿಮೀಟರ್. 9 ಎಂ.ಎಂ.ಗೆ ನಾಲ್ಕಕ್ಕಿಂತ ಕಡಿಮೆ. ನಿಂತವನು ಅಷ್ಟಕ್ಕೆ ಸರಿಯಾಗಿ ಓಲಾಡುವುದೂ ಇಲ್ಲ.

ನ್ಯೂಟನ್ನನ ಮೂರನೆಯ ನಿಯಮವೂ ಇದನ್ನೇ ಹೇಳುತ್ತದೆ. ಗುಂಡು ಮುಂದಿನವನನ್ನು ಐದಡಿ ಹಾರಿಸುವಂತಿದ್ದರೆ, ಹಾರಿಸಿದವನೂ ಹಿಂದಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋಗಿ ಬೀಳಬೇಕಿತ್ತು. ಸಿನಿಮಾದಲ್ಲಿ ಹಾರುವುದು ಸೊಂಟಕ್ಕೆ ಕಟ್ಟಿದ ಹಗ್ಗದಿಂದ.

ಚೆಂಡು ಮೂಗೇಟು ಮಾಡುತ್ತದೆ, ಗುಂಡು ಒಳಗೆ ಹೋಗುತ್ತದೆ. ವ್ಯತ್ಯಾಸ ಇರುವುದು ಅಲ್ಲಿ. ಗುಂಡು ಕೊಲ್ಲುವುದು ತಳ್ಳಿ ಅಲ್ಲ, ಹರಿದು.

ಹಾಗಾದರೆ ಗುಂಡು ಬಿದ್ದವನು ನಿಲ್ಲುವುದು ಯಾವಾಗ?

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 1989ರಲ್ಲಿ ಪಿಸ್ತೂಲಿನ ಗಾಯಗಳ ಬಗ್ಗೆ ಒಂದು ವರದಿ ಹೊರಡಿಸಿತು. ಅದು ಹೇಳುವ ಸಂಗತಿ ಕೇಳಲು ಹಿತವಾಗಿಲ್ಲ. ಮೆದುಳಿಗೆ ಅಥವಾ ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದರೆ ಮನುಷ್ಯ ಆ ಕ್ಷಣಕ್ಕೆ ಬೀಳುತ್ತಾನೆ. ಬೇರೆಲ್ಲೇ ಬಿದ್ದರೂ ರಕ್ತ ಸೋರಿ ಒತ್ತಡ ಇಳಿಯುವವರೆಗೆ ಸಮಯ ಇರುತ್ತದೆ. ಹೃದಯವೇ ಛಿದ್ರವಾದರೂ, ಮೆದುಳಿನಲ್ಲಿ ಉಳಿದಿರುವ ಆಮ್ಲಜನಕದಿಂದ ಹತ್ತು ಹದಿನೈದು ಸೆಕೆಂಡು ಆತ ತನ್ನ ಇಚ್ಛೆಯಂತೆ ಕೈಕಾಲು ಆಡಿಸಬಲ್ಲ. ಓಡಬಲ್ಲ, ಗುಂಡು ಹಾರಿಸಬಲ್ಲ.

ಎಷ್ಟೋ ಜನ ಒಂದು ಗುಂಡಿಗೇ ಕುಸಿಯುವುದೂ ನಿಜ. ಅದಕ್ಕೆ ಕಾರಣ ಬಹಳ ಸಲ ಮನಸ್ಸು. ಗುಂಡು ಬಿತ್ತು ಅಂತ ಗೊತ್ತಾದ ಕೂಡಲೇ ಕಾಲು ಸೋಲುತ್ತದೆ, ಏಕೆಂದರೆ ಗುಂಡು ಬಿದ್ದವರು ಬೀಳಬೇಕು ಅಂತ ನಾವೆಲ್ಲ ಸಿನಿಮಾದಲ್ಲಿ ಕಲಿತಿದ್ದೇವೆ. ಆದರೆ ಮದ್ಯ, ಮಾದಕವಸ್ತು, ಕೋಪ ಅಥವಾ ಭಯ ತುಂಬಿದವನಿಗೆ ಗುಂಡು ಬಿದ್ದದ್ದೇ ಗೊತ್ತಾಗದೆ ಇರಬಹುದು.

ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹೋಟೆಲ್ ಹೊರಗೆ ಒಬ್ಬ .22 ರಿವಾಲ್ವರಿನಿಂದ ಆರು ಗುಂಡು ಹಾರಿಸಿದ. ಫಾರ್ವರ್ಡ್ 'ಮಕ್ಕಳ ಆಟಿಕೆ' ಎಂದದ್ದು ಅದೇ .22. ಒಂದು ಗುಂಡು ಅಧ್ಯಕ್ಷರ ಕಾರಿಗೆ ತಾಗಿ ತಿರುಗಿ ರೇಗನ್ ಅವರ ಶ್ವಾಸಕೋಶ ಹೊಕ್ಕಿತು. ಕಾರಿನೊಳಗೆ ನೂಕಿದಾಗ ಪಕ್ಕೆಲುಬು ಮುರಿದಿರಬೇಕು ಅಂದುಕೊಂಡಿದ್ದ ಅವರಿಗೆ, ಬಾಯಿಂದ ರಕ್ತ ಬಂದ ಮೇಲೆಯೇ ವಿಷಯ ಬೇರೆ ಅಂತ ಗೊತ್ತಾದದ್ದು. ಅದೇ ರಿವಾಲ್ವರಿನ ಇನ್ನೊಂದು ಗುಂಡು ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ಅವರ ತಲೆಗೆ ಬಿತ್ತು. ಅವರು ನಿಂತಲ್ಲೇ ಕುಸಿದರು, ಉಳಿದ ಬದುಕನ್ನೆಲ್ಲ ಅಂಗವೈಕಲ್ಯದಲ್ಲಿ ಕಳೆದರು. ಒಂದೇ ಆಯುಧ, ಒಂದೇ ಬಗೆಯ ಗುಂಡು, ಕೆಲವೇ ಸೆಕೆಂಡುಗಳ ಅಂತರ.

1948ರ ಜನವರಿ 30ರಂದು ಗಾಂಧೀಜಿಯವರ ಎದೆಗೆ ಗುಂಡಿಟ್ಟ ಬೆರೆಟಾ ಪಿಸ್ತೂಲು ಕೂಡ ಮೇಲೆ ಹೇಳಿದ ಆ .380ರದ್ದು. ಇಂದು ಅಮೆರಿಕದ ಚರ್ಚೆಗಳಲ್ಲಿ 'ಇದು ಸಾಲದು' ಅನ್ನಿಸಿಕೊಳ್ಳುವ ಕ್ಯಾಲಿಬರ್ ಅದು. ಸಣ್ಣ ಗುಂಡು ನಿರುಪದ್ರವಿ ಅಂತ ಯಾರೂ ತಿಳಿಯದಿರಲಿ.

.45ರ ಕೀರ್ತಿ ಎಲ್ಲಿಂದ ಬಂತು?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸೈನ್ಯ ಫಿಲಿಪ್ಪೀನ್ಸ್‌ನಲ್ಲಿ ಮೋರೋ ಜನರ ವಿರುದ್ಧ ಹೋರಾಡುತ್ತಿತ್ತು. ಕತ್ತಿ ಹಿಡಿದು ನುಗ್ಗುವ ಹೋರಾಟಗಾರರನ್ನು ತಮ್ಮ .38 ರಿವಾಲ್ವರ್ ನಿಲ್ಲಿಸುತ್ತಿಲ್ಲ ಎಂಬ ದೂರು ಬಂತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೆ, ಬೇರೆಡೆ ಮನುಷ್ಯರ ಶವಗಳ ಮೇಲೆ ಬೇರೆ ಬೇರೆ ಗುಂಡು ಹಾರಿಸಿ ನೋಡಿದರು. ಓದುವಾಗ ಹೊಟ್ಟೆ ತೊಳೆಸುವ ಪ್ರಯೋಗ. ಫಲಿತಾಂಶವೂ ಗೋಜಲು: ಸಿಕ್ಕಿದ್ದು ಬೆರಳೆಣಿಕೆಯ ಪ್ರಾಣಿಗಳು, ಒಂದೊಂದಕ್ಕೂ ಗುಂಡು ಬಿದ್ದ ಜಾಗ ಬೇರೆ. ಆದರೂ ಅವರ ತೀರ್ಪು .45ಕ್ಕಿಂತ ಕಡಿಮೆ ಬೇಡ ಎಂದಾಯಿತು. 1911ರಲ್ಲಿ ಬಂದ ಕೋಲ್ಟ್ .45 ಪಿಸ್ತೂಲು ಎರಡು ಮಹಾಯುದ್ಧಗಳನ್ನು ಕಂಡಿತು. ಅಜ್ಜ, ಅಪ್ಪ, ಮಗ ಹೀಗೆ ದಾಟಿ ಬಂದ ಆ ನಂಬಿಕೆಯೇ ಇವತ್ತು ಅಣ್ಣನ ಫೋನಿಗೆ ಫಾರ್ವರ್ಡ್ ಆಗಿ ಬಂದಿರುವುದು.

ಎರಡನೆಯ ದೊಡ್ಡ ತಿರುವು ಮಯಾಮಿಯದು. 1986ರ ಏಪ್ರಿಲ್ 11ರಂದು ಎಂಟು ಎಫ್‌ಬಿಐ ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ರಸ್ತೆಯಲ್ಲಿ ಅಡ್ಡಗಟ್ಟಿದರು. ಆರಂಭದಲ್ಲೇ ಒಬ್ಬ ದರೋಡೆಕೋರನಿಗೆ 9 ಎಂ.ಎಂ. ಗುಂಡೊಂದು ಬಿತ್ತು. ಅದು ತೋಳನ್ನು ದಾಟಿ ಎದೆ ಹೊಕ್ಕು, ಹೃದಯಕ್ಕೆ ಸ್ವಲ್ಪ ದೂರದಲ್ಲಿ ನಿಂತಿತು. ಆ ಗಾಯದಿಂದ ಅವನು ಉಳಿಯುವಂತಿರಲಿಲ್ಲ. ಆದರೆ ಅದಾದ ಮೇಲೂ ಅವನು ರೈಫಲ್ ಹಿಡಿದು ಹೋರಾಡುತ್ತಲೇ ಇದ್ದ. ಕೊನೆಗೆ ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯವಾಯಿತು, ದರೋಡೆಕೋರರಿಬ್ಬರೂ ಸತ್ತರು.

ಎಫ್‌ಬಿಐ 9 ಎಂ.ಎಂ. ಮೇಲೆ ತಪ್ಪು ಹೊರಿಸಿ ದೊಡ್ಡದಾದ 10 ಎಂ.ಎಂ. ಕಡೆ ಹೋಯಿತು. ಅದರ ಒದೆತ ಹಲವು ಏಜೆಂಟರಿಗೆ ತಡೆಯಲಾಗಲಿಲ್ಲ. ಮದ್ದು ಕಡಿಮೆ ಮಾಡಿದರು. ಅಷ್ಟು ಕಡಿಮೆ ಮದ್ದಿಗೆ ಅಷ್ಟು ಉದ್ದದ ತೋಟಾ ಯಾಕೆ ಅಂತ ಅದನ್ನು ಮೊಟಕು ಮಾಡಿದಾಗ 1990ರಲ್ಲಿ .40 ಎಂಬ ಹೊಸ ಕ್ಯಾಲಿಬರ್ ಹುಟ್ಟಿತು. ಅಮೆರಿಕದ ಪೊಲೀಸರೆಲ್ಲ ಅದರ ಹಿಂದೆ ಬಿದ್ದರು. ಇಪ್ಪತ್ತು ಚಿಲ್ಲರೆ ವರ್ಷ ಕಳೆದು, 2014ರಲ್ಲಿ ಅದೇ ಎಫ್‌ಬಿಐನ ತರಬೇತಿ ವಿಭಾಗ 9 ಎಂ.ಎಂ.ಗೆ ಮರಳುವುದೇ ಸರಿ ಎಂದು ಬರೆಯಿತು. ಗುಂಡು ತಯಾರಿಸುವ ತಂತ್ರ ಸುಧಾರಿಸಿ 9, .40, .45ರ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿಲ್ಲ, ಆದರೆ 9ರಲ್ಲಿ ಒದೆತ ಕಡಿಮೆ, ಗುರಿ ಚೆನ್ನಾಗಿ ಬರುತ್ತದೆ, ಮ್ಯಾಗಜೀನಿನಲ್ಲಿ ಹೆಚ್ಚು ಗುಂಡು ಹಿಡಿಸುತ್ತದೆ ಎಂಬುದು ಅವರ ವಾದ. ಅಮೆರಿಕದ ಸೈನ್ಯವಂತೂ 1985ರಲ್ಲೇ .45 ಬಿಟ್ಟು 9 ಎಂ.ಎಂ.ಗೆ ಬಂದಿತ್ತು. 2017ರಲ್ಲಿ ಪಿಸ್ತೂಲು ಬದಲಾಯಿಸಿದಾಗಲೂ ಕ್ಯಾಲಿಬರ್ ಬದಲಾಯಿಸಲಿಲ್ಲ.

'ಒಂದೇ ಗುಂಡಿಗೆ ಇಷ್ಟು ಪರ್ಸೆಂಟ್'

ಇಂಥ ಫಾರ್ವರ್ಡ್‌ಗಳಲ್ಲಿ ಕೆಲವೊಮ್ಮೆ ಒಂದು ಪಟ್ಟಿ ಇರುತ್ತದೆ: ಈ ಗುಂಡು ನೂರಕ್ಕೆ ಇಷ್ಟು ಜನರನ್ನು ಒಂದೇ ಏಟಿಗೆ ನಿಲ್ಲಿಸುತ್ತದೆ ಅಂತ. ಇದರ ಮೂಲ ಮಾರ್ಷಲ್ ಮತ್ತು ಸ್ಯಾನೋ ಎಂಬ ಇಬ್ಬರು 1992ರಲ್ಲಿ ತಂದ ಪುಸ್ತಕ. ನಿಜವಾದ ಗುಂಡೇಟಿನ ಪ್ರಕರಣಗಳನ್ನು ಸೇರಿಸಿ ಅವರು ಶೇಕಡಾವಾರು ಲೆಕ್ಕ ಕೊಟ್ಟರು. ದಶಮಾಂಶ ಬಿಂದು ನೋಡಿದರೆ ನಮಗೆಲ್ಲ ನಂಬಿಕೆ ಬಂದುಬಿಡುತ್ತದಲ್ಲ.

ತೊಂದರೆ ಏನೆಂದರೆ, ಅವರು ಲೆಕ್ಕಕ್ಕೆ ಹಿಡಿದದ್ದು ಒಂದೇ ಗುಂಡು ಬಿದ್ದ ಪ್ರಕರಣಗಳನ್ನು ಮಾತ್ರ. ಮೊದಲ ಗುಂಡು ಬಿದ್ದೂ ಆತ ನಿಲ್ಲದೆ, ಎರಡನೆಯದು ಹಾರಿಸಬೇಕಾಗಿ ಬಂದಿದ್ದರೆ ಆ ಪ್ರಕರಣವೇ ಪಟ್ಟಿಯಿಂದ ಹೊರಗೆ. ಪಾಸಾಗದವರ ಉತ್ತರಪತ್ರಿಕೆ ಪಕ್ಕಕ್ಕಿಟ್ಟು ಶಾಲೆಯ ಫಲಿತಾಂಶ ಘೋಷಿಸಿದ ಹಾಗೆ. ಅಮೆರಿಕದ ಸೈನ್ಯದ ಶಸ್ತ್ರವೈದ್ಯರಾಗಿದ್ದ, ಗುಂಡಿನ ಗಾಯಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಮಾರ್ಟಿನ್ ಫ್ಯಾಕ್ಲರ್ ಇದನ್ನು ಕಟುವಾಗಿ ಟೀಕಿಸಿದವರಲ್ಲಿ ಒಬ್ಬರು. ಪಟ್ಟಿ ಮಾತ್ರ ಇನ್ನೂ ಓಡಾಡುತ್ತಿದೆ.

ಹಾಲೋ ಪಾಯಿಂಟ್ ಬಾಂಬಾ?

ಅಲ್ಲ. ಹಾಲೋ ಪಾಯಿಂಟ್ ಅಂದರೆ ಮೂತಿಯಲ್ಲಿ ಕುಳಿ ಇರುವ ಗುಂಡು. ದೇಹದ ತೇವದ ಅಂಗಾಂಶ ಆ ಕುಳಿಗೆ ನುಗ್ಗಿದಾಗ ಗುಂಡಿನ ತುದಿ ದಾಸವಾಳದ ಹಾಗೆ ಹೊರಕ್ಕೆ ಅರಳುತ್ತದೆ. ಸ್ಫೋಟ ಏನೂ ಇಲ್ಲ. ಅರಳಿದ್ದರಿಂದ ಎರಡು ಪರಿಣಾಮ: ಗಾಯ ಅಗಲವಾಗುತ್ತದೆ, ಗುಂಡು ಬೇಗ ನಿಲ್ಲುತ್ತದೆ. ಸರಿಯಾಗಿ ಅರಳಿದ 9 ಎಂ.ಎಂ. ಗುಂಡು ಅರಳದ .45ಕ್ಕಿಂತ ಅಗಲ. ಎಫ್‌ಬಿಐ ವಾದದ ಒಳಗುಟ್ಟು ಇದೇ.

ಇದರ ಹಿಂದಿನ ಕಥೆ ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತದ ಹತ್ತಿರದ ಡಮ್ ಡಮ್ ಶಸ್ತ್ರಾಗಾರದಲ್ಲಿ ಬ್ರಿಟಿಷರು 1890ರ ದಶಕದಲ್ಲಿ ತುದಿಯ ಲೋಹದ ಹೊದಿಕೆ ಬಿಟ್ಟು, ಒಳಗಿನ ಸೀಸ ಕಾಣುವಂಥ ರೈಫಲ್ ಗುಂಡು ತಯಾರಿಸಿದರು. ಅದು ಮೈಯೊಳಗೆ ಅರಳುತ್ತಿತ್ತು. ಅದಕ್ಕೆ 'ಡಮ್ ಡಮ್ ಗುಂಡು' ಎಂದೇ ಹೆಸರಾಯಿತು. ಜಗತ್ತಿನಲ್ಲಿ ಎಷ್ಟು ಗಲಾಟೆಯಾಯಿತೆಂದರೆ 1899ರ ಹೇಗ್ ಘೋಷಣೆ ದೇಶ ದೇಶಗಳ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಪೊಲೀಸರಿಗೂ ನಾಗರಿಕರಿಗೂ ಆ ನಿಷೇಧ ಅನ್ವಯಿಸುವುದಿಲ್ಲ. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಹಾಲೋ ಪಾಯಿಂಟ್‌ಗೆ ಬದಲಾದರು. ಕಾರಣ, ಪೂರ್ತಿ ಲೋಹ ಹೊದಿಸಿದ ಗುಂಡು ಒಬ್ಬನನ್ನು ತೂರಿ ಹಿಂದೆ ನಿಂತವರಿಗೂ ತಾಗುತ್ತಿತ್ತು.

ಬೇಗ ನಿಲ್ಲುವುದು ಒಳ್ಳೆಯದಾದರೂ ತೀರಾ ಬೇಗ ನಿಂತರೆ ಮಯಾಮಿಯ ಕಥೆ. ಹಾಗಾಗಿ ಎಫ್‌ಬಿಐ ಒಂದು ಪರೀಕ್ಷೆ ಮಾಡಿಟ್ಟಿದೆ: ಮಾಂಸದಷ್ಟು ತಡೆ ಕೊಡುವಂತೆ ಹದಮಾಡಿದ ಜಿಲೆಟಿನ್ ಗಟ್ಟಿಗೆ ಗುಂಡು ಹಾರಿಸುವುದು. ನೇರವಾಗಿ, ದಪ್ಪ ಬಟ್ಟೆಯ ಮೂಲಕ, ಪ್ಲೈವುಡ್ ಮೂಲಕ, ಕಾರಿನ ಗಾಜಿನ ಮೂಲಕ. ಎಲ್ಲದರಲ್ಲೂ ಗುಂಡು ಕನಿಷ್ಠ 12 ಇಂಚು ಇಳಿಯಬೇಕು, 18 ದಾಟಬಾರದು. ಎದೆ ಅಷ್ಟು ದಪ್ಪ ಇಲ್ಲವಲ್ಲ ಅನ್ನಬಹುದು. ಆದರೆ ನಿಜದಲ್ಲಿ ಗುಂಡು ಓರೆಯಾಗಿ, ಅಡ್ಡ ಬಂದ ತೋಳನ್ನು ದಾಟಿ ಹೋಗಬೇಕಾಗುತ್ತದೆ. ಅಮೆರಿಕದಲ್ಲಿ ತರಬೇತಿ ಕೊಡುವವರು ಗುಂಡಿನ ಪೆಟ್ಟಿಗೆಯ ಮೇಲಿನ ಘರ್ಜಿಸುವ ಹೆಸರು ನೋಡಬೇಡಿ, ಈ ಪರೀಕ್ಷೆಯ ಫಲಿತಾಂಶ ನೋಡಿ ಅನ್ನುವುದು ಇದಕ್ಕೇ. ಜೇಬಿಗೆ ಹಿಡಿಸುವ ಪುಟ್ಟ ಪಿಸ್ತೂಲುಗಳಲ್ಲಿ ನಳಿಕೆ ಗಿಡ್ಡ, ವೇಗ ಕಡಿಮೆ. ಅದರಲ್ಲೂ .380ರಂಥವುಗಳಲ್ಲಿ ಗುಂಡು ಅರಳಿದರೆ ಆಳ ಸಾಲದು, ಆಳ ಹೋದರೆ ಅರಳುವುದಿಲ್ಲ ಎಂಬ ಇಕ್ಕಟ್ಟು ಇದೆ.

ಕಾನೂನೂ ರಾಜ್ಯಕ್ಕೊಂದು. ನಮ್ಮವರು ಬಹಳಷ್ಟಿರುವ ನ್ಯೂಜೆರ್ಸಿಯಲ್ಲಿ ಮನೆಯ ಹೊರಗೆ ಹಾಲೋ ಪಾಯಿಂಟ್ ಇಟ್ಟುಕೊಳ್ಳುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ. 'ಅಮೆರಿಕದಲ್ಲಿರುವ ಎಲ್ಲ ಕನ್ನಡಿಗರು' ಅಂತ ಒಂದೇ ಸಲಹೆ ಕೊಟ್ಟ ಪುಣ್ಯಾತ್ಮನಿಗೆ ಇದು ಗೊತ್ತಿರಲಿಲ್ಲ.

ಹಾಗಿದ್ದರೆ ಕ್ಯಾಲಿಬರ್‌ಗೆ ಅರ್ಥವೇ ಇಲ್ಲವಾ?

ಹಾಗೂ ಹೇಳುವಂತಿಲ್ಲ. ಬ್ರಾಗಾ ಮತ್ತು ಕುಕ್ ಎಂಬ ಸಂಶೋಧಕರು ಬಾಸ್ಟನ್ ನಗರದಲ್ಲಿ 2010ರಿಂದ 2014ರವರೆಗೆ ನಡೆದ ಗುಂಡೇಟಿನ ಪ್ರಕರಣಗಳ ಪೊಲೀಸ್ ದಾಖಲೆ ನೋಡಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. .22, .25, .32ರಂಥ ಸಣ್ಣ ಗುಂಡು ಬಿದ್ದವರಿಗೆ ಹೋಲಿಸಿದರೆ 9 ಎಂ.ಎಂ., .38ರಂಥ ಮಧ್ಯಮ ಗುಂಡು ಬಿದ್ದವರು ಸಾಯುವ ಸಾಧ್ಯತೆ ಎರಡೂಕಾಲು ಪಟ್ಟು, .40, .45ರಂಥ ದೊಡ್ಡವಕ್ಕೆ ನಾಲ್ಕೂವರೆ ಪಟ್ಟು.

ಇದು ಮೇಲಿನದಕ್ಕೆ ವಿರುದ್ಧವಲ್ಲವೇ? ಇಲ್ಲ. ಸಾಯುವುದು ಬೇರೆ, ನಿಲ್ಲುವುದು ಬೇರೆ. ದೊಡ್ಡ ಗಾಯದಿಂದ ರಕ್ತ ಹೆಚ್ಚು ಹೋಗುತ್ತದೆ, ಆಸ್ಪತ್ರೆಯಲ್ಲಿ ಉಳಿಸುವುದು ಕಷ್ಟವಾಗುತ್ತದೆ. ಆದರೆ ಆ ಸಾವು ಅರ್ಧ ಗಂಟೆಗೆ ಬರಬಹುದು, ಮರುದಿನ ಬರಬಹುದು. ಆತ್ಮರಕ್ಷಣೆಗೆ ಬೇಕಾದದ್ದು ಎದುರಿನವನು ಮುಂದಿನ ಮೂರು ಸೆಕೆಂಡಿನಲ್ಲಿ ನಿಲ್ಲುವುದು. ದೊಡ್ಡ ಕ್ಯಾಲಿಬರ್ ಅದಕ್ಕೆ ಖಾತ್ರಿ ಕೊಡುವುದಿಲ್ಲ, ಕೊಡುವುದು ಹೆಚ್ಚಿನ ಸಾವನ್ನು. ಗುಂಡು ತಪ್ಪಿ ಬೇರೆಯವರಿಗೆ ಬಿದ್ದರೂ ಅದೇ ಲೆಕ್ಕ.

ಗುಂಡು ತಪ್ಪುವುದು ಅಪರೂಪವೂ ಅಲ್ಲ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ್‍ಯಾಂಡ್ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, ಎದುರಿನಿಂದಲೂ ಗುಂಡು ಬರುತ್ತಿದ್ದಾಗ ಪೊಲೀಸರು ಹಾರಿಸಿದ ನೂರರಲ್ಲಿ ಗುರಿಗೆ ತಾಗಿದ್ದು 18. ಎದುರಿನವನು ಗುಂಡು ಹಾರಿಸದಿದ್ದಾಗಲೂ 30. ಇವರು ತರಬೇತಿ ಪಡೆದವರು. 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಒಬ್ಬ ಕೊಲೆಗಾರನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದಾಗ ದಾರಿಹೋಕರು ಒಂಬತ್ತು ಜನ ಗಾಯಗೊಂಡರು. ಎಲ್ಲರಿಗೂ ತಾಗಿದ್ದು ಪೊಲೀಸರ ಗುಂಡು ಅಥವಾ ಅದರ ಚೂರು.

ಹೀಗಾಗಿ ಅನುಭವಿಗಳ ಸಲಹೆ ಫಾರ್ವರ್ಡಿಗಿಂತ ತೀರಾ ಸಪ್ಪೆ. ಸಿಕ್ಕಿಕೊಳ್ಳದೆ ಕೆಲಸ ಮಾಡುವ, ನಿಮ್ಮ ಕೈಗೆ ಸರಿಯಾಗಿ ಕೂರುವ, ಬೇಗ ಬೇಗ ಹಾರಿಸಿದರೂ ಗುರಿಗೆ ಬೀಳುವ ಪಿಸ್ತೂಲು. ಹೆಚ್ಚಿನವರಿಗೆ ಅದು 9 ಎಂ.ಎಂ., ರಿವಾಲ್ವರ್ ಆದರೆ .38. ಮಣಿಕಟ್ಟಿನಲ್ಲಿ ಬಲ ಇಲ್ಲದವರಿಗೆ ಇನ್ನೂ ಚಿಕ್ಕದು. ಪುಟ್ಟ ಪಿಸ್ತೂಲಿಗೆ ದೊಡ್ಡ ಗುಂಡು ಹಾಕಿದರೆ ಒದೆತ ಎಷ್ಟಿರುತ್ತದೆಂದರೆ ಜನ ಅಭ್ಯಾಸ ಮಾಡುವುದನ್ನೇ ಬಿಡುತ್ತಾರೆ. ನಮ್ಮಲ್ಲೂ 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ಅರ್ಧ ಕೆ.ಜಿ. ತೂಕದ .32 ರಿವಾಲ್ವರನ್ನು ಮಹಿಳೆಯರಿಗಾಗಿ ಎಂದು ತಂದಿತ್ತು. ಆಗ ಸುದ್ದಿಯಲ್ಲೆಲ್ಲ ಅದರ ತೂಕ, ಬೆಲೆ, ಪೆಟ್ಟಿಗೆಯ ಚೆಂದದ ಮಾತೇ ಇತ್ತು. ಅಭ್ಯಾಸ ಎಲ್ಲಿ ಮಾಡಬೇಕು ಎಂದು ಕೇಳಿದವರು ಕಡಿಮೆ.

ಫಾರ್ವರ್ಡಿನಲ್ಲಿ ಇಲ್ಲದ ಸಾಲು

ಇಷ್ಟನ್ನೂ ಅಣ್ಣನಿಗೆ ಬರೆಯುವ ಮುಂಚೆ ನಾನು ಕೇಳಿದ್ದು ಒಂದೇ ಪ್ರಶ್ನೆ: ನಿನ್ನದು ಯಾವ ವೀಸಾ? ಎಚ್-1ಬಿ. ಅತ್ತಿಗೆಯದು ಎಚ್-4.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಅಪರಾಧ. ಎಚ್-1ಬಿ, ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲ ಇದರೊಳಗೆ ಬರುತ್ತವೆ. ಶಿಕ್ಷೆ 15 ವರ್ಷದವರೆಗೆ ಇರಬಹುದು. ಬೇಟೆಯ ಪರವಾನಗಿ ಇರುವವರಿಗೆ ಎಂಬಂಥ ಕೆಲವು ವಿನಾಯಿತಿಗಳಿವೆ, ಅವನ್ನು ವಕೀಲರ ಬಳಿ ಕೇಳಬೇಕೇ ಹೊರತು ಗೆಳೆಯರ ಬಳಿ ಅಲ್ಲ. ಗ್ರೀನ್ ಕಾರ್ಡ್ ಇರುವವರ ಸ್ಥಿತಿ ಬೇರೆ, ಅವರು ಕೊಳ್ಳಬಹುದು. ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ ಎಂಬ ಮಾತು ಕೇಳಿ ಅಣ್ಣ ತನಗೂ ಬೇಡ ಅಂದುಕೊಂಡಿದ್ದ. ವೀಸಾ, ಕೆಲಸ, ಏಳು ವರ್ಷದ ಬದುಕು ಎಲ್ಲ ಒಂದು ಅಂಗಡಿಯ ಕೌಂಟರಿನ ಮೇಲೆ ಹೋಗುತ್ತಿತ್ತು.

ಕೊಳ್ಳಲು ಅಡ್ಡಿ ಇಲ್ಲದವರಿಗೂ ಇನ್ನೊಂದು ಲೆಕ್ಕ ಇದೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕ್ಯಾಲಿಫೋರ್ನಿಯಾದ ಲಕ್ಷಾಂತರ ಜನರ ದಾಖಲೆ ಹಿಡಿದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಸ್ತೂಲು ಇರುವ ಗಂಡಸರು ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರ ಮೂರು ಪಟ್ಟಿಗಿಂತ ಹೆಚ್ಚು, ಹೆಂಗಸರಲ್ಲಿ ಏಳು ಪಟ್ಟು ಎಂದು ಕಂಡುಬಂತು. ಪಿಸ್ತೂಲಿನಿಂದ ಬಚಾವಾದವರೂ ಇದ್ದಾರೆ, ಆ ಲೆಕ್ಕದ ಬಗ್ಗೆ ಅಲ್ಲಿ ದೊಡ್ಡ ಜಗಳವೇ ಇದೆ. ಒಂದು ಸಮೀಕ್ಷೆ ವರ್ಷಕ್ಕೆ ಇಪ್ಪತ್ತೈದು ಲಕ್ಷ ಸಲ ಅನ್ನುತ್ತದೆ, ಸರಕಾರಿ ಸಮೀಕ್ಷೆ ಲಕ್ಷದೊಳಗೆ ಅನ್ನುತ್ತದೆ. ನಿಮಗೆ ಬರುವ ಫಾರ್ವರ್ಡಿನಲ್ಲಿ ಯಾವುದು ಇರುತ್ತದೆ ಅಂತ ಊಹಿಸಬಹುದು. ನನ್ನ ಮಟ್ಟಿಗೆ, ಮನೆಯಲ್ಲಿ ಮಕ್ಕಳೋ, ಖಿನ್ನತೆಯಲ್ಲಿರುವವರೋ ಇದ್ದರೆ 9 ಬೇಕೋ .45 ಬೇಕೋ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆಯಲ್ಲ. ಬೀಗ ಹಾಕುವ ಪೆಟ್ಟಿಗೆ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂಬುದು.

ಡಿಸೆಂಬರಿನಲ್ಲಿ ಅಣ್ಣ ಊರಿಗೆ ಬರುತ್ತಾನೆ. ಗೆಳೆಯರಿಂದ ಎರವಲು ತಂದ ಬ್ಯಾಗಾದರೆ ಎಲ್ಲ ಜೇಬನ್ನೂ ತಡಕಿ ನೋಡು ಎಂದಿದ್ದೇನೆ. ಶೂಟಿಂಗ್ ರೇಂಜಿಗೆ ಹೋಗಿ ಬಂದ ಬ್ಯಾಗಿನಲ್ಲಿ ಮರೆತು ಉಳಿದ ಒಂದು ಸಜೀವ ಗುಂಡು ಸಿಕ್ಕರೂ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಗೊತ್ತಿಲ್ಲದೆ ಉಳಿದಿತ್ತು ಅಂತ ಕೋರ್ಟಿನಲ್ಲಿ ಬಿಡುಗಡೆ ಆದವರಿದ್ದಾರೆ, ಆದರೆ ಅಲ್ಲಿಯವರೆಗೆ ಅಲೆಯಬೇಕು.

ಅತ್ತಿಗೆ ಈಗ ಡ್ಯೂಟಿ ಮುಗಿದ ಮೇಲೆ ಆಸ್ಪತ್ರೆಯ ಸೆಕ್ಯುರಿಟಿಗೆ ಫೋನ್ ಮಾಡುತ್ತಾರಂತೆ. ಒಬ್ಬರು ಕಾರಿನವರೆಗೆ ಜೊತೆಗೆ ಬರುತ್ತಾರೆ. ಆ ಸೌಲಭ್ಯ ಮೊದಲಿನಿಂದಲೂ ಇತ್ತು, ಕೇಳಿರಲಿಲ್ಲ ಅಷ್ಟೆ. ಅಣ್ಣ ಗ್ರೂಪಿನಿಂದ ಆ ಮೆಸೇಜನ್ನು ಅಳಿಸಿದ. ಮೊನ್ನೆ ಅದು ಮೈಸೂರಿನ ಚಿಕ್ಕಪ್ಪನ ಕಡೆಯಿಂದ ಮತ್ತೆ ಬಂತು, ಈ ಸಲ ಐದಡಿ ಹತ್ತಡಿ ಆಗಿತ್ತು.